ಸತ್ತವರ ನೆನಪೂ ಬದುಕಿರುವವರ ಬಾಕಿಯೂ

ಪುನರುತ್ಥಾನದ ಹಬ್ಬದ ದಿನ ಬೆಳಕು ಹರಿಯುವ ಮುನ್ನ ಸ್ಮಶಾನಕ್ಕೆ ಹೋಗಿ, ಹಿರಿಯರ ಗೋರಿಗಳ ಮೇಲಿನ ಹುಲ್ಲನ್ನು ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಕೀರ್ತನೆ ಹಾಡುವ ಪದ್ಧತಿಯು ನಮ್ಮ ಅನೇಕ ಸಭೆಗಳಲ್ಲಿ ಉಂಟು. ಆ ಹೊತ್ತಿನಲ್ಲಿ ನಾವು ಆಡಿಕೊಳ್ಳುವ ಮಾತುಗಳಿಗೆ ಕಿವಿಗೊಟ್ಟರೆ ಎರಡು ಸಂಗತಿಗಳು ಮತ್ತೆ ಮತ್ತೆ ಕೇಳಿಬರುವುವು. ಒಂದು, ಸತ್ತವರು ಎಂಥ ಒಳ್ಳೆಯವರಾಗಿದ್ದರು ಎಂಬುದು. ಇನ್ನೊಂದು, ಆಗಿನ ಹೊಲಮನೆಯ ಬಾಳು ಎಷ್ಟು ಸುಖವಾಗಿತ್ತು ಎಂಬುದು. ಈ ಮಾತುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಇವು ಪೂರ್ತಿಯಾದ ಸತ್ಯವೋ? ಸತ್ತ ಸಂಬಂಧಿಕರನ್ನು ನೆನೆಯುವುದು ಕರ್ತವ್ಯವೆಂದು ಎಲ್ಲರೂ ಒಪ್ಪುವರು. ಅವರನ್ನು ಹೇಗೆ ನೆನೆಯಬೇಕು, ನೆನೆದ ಬಳಿಕ ನಾವು ಏನು ಮಾಡತಕ್ಕದ್ದು ಎಂದು ವಿಚಾರಿಸುವವರು ಕಡಿಮೆ. ನಾನೂ ಬಹುಕಾಲ ವಿಚಾರಿಸಿದವನಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಚಿಕ್ಕ ಹುಡುಗಿ ಕೇಳಿದ ಪ್ರಶ್ನೆಯಿಂದ ಈ ವಿಚಾರವು ನನ್ನ ಮನಸ್ಸಿಗೆ ಹತ್ತಿತು. ಆ ಪ್ರಶ್ನೆಯನ್ನು ಹೇಳುವುದಕ್ಕೆ ಮೊದಲು ಅದು ಹುಟ್ಟಿದ ಹೊಲವನ್ನು ನಿಮಗೆ ತೋರಿಸಬೇಕಾಗಿದೆ.

ನಮ್ಮ ತಾತನ ಹೊಲವು ವೈಟ್‌ಫೀಲ್ಡಿಗೆ ಎರಡು ಮೈಲಿ ದೂರದ ಒಂದು ಹಳ್ಳಿಯಲ್ಲಿತ್ತು. ನಾಲ್ಕು ಎಕರೆ ಖುಷ್ಕಿ, ಕೆರೆಯ ಕೆಳಗೆ ಅರ್ಧ ಎಕರೆ ತರಿ, ಹಿತ್ತಲಲ್ಲಿ ಎರಡು ಹಲಸಿನ ಮರ, ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಒಂದು ಹಸು. ಇಷ್ಟೇ ಆ ಮನೆಯ ಐಶ್ವರ್ಯ. ಮಳೆ ಬಿದ್ದು ನೆಲ ಹದವಾದ ಮೇಲೆ ಕೂರಿಗೆಯಿಂದ ರಾಗಿಯನ್ನು ಬಿತ್ತಿ, ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಹಾಕುತ್ತಿದ್ದರು. ಮಳೆ ಹಿಂದುಮುಂದಾಗಿ ರಾಗಿ ಕೆಟ್ಟರೂ ಅವರೆಯಾದರೂ ಮನೆಗೆ ಬರಲಿ ಎಂಬುದೇ ಈ ಪದ್ಧತಿಯ ವಿವೇಕವು. ಕೊಯ್ಲಾದ ಮೇಲೆ ಮೆದೆ ಹಾಕಿ, ಸಂಕ್ರಾಂತಿಯ ಸುಮಾರಿಗೆ ಕಣ ಮಾಡಿ, ಸಗಣಿಯಿಂದ ಸಾರಿಸಿ, ಎತ್ತುಗಳಿಗೆ ಕಲ್ಲಿನ ಗುಂಡನ್ನು ಕಟ್ಟಿ ಒಕ್ಕಣೆ ಮಾಡುತ್ತಿದ್ದರು. ಮುಂಚೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಅನೇಕ ವರ್ಷ ಹುಳು ಹಿಡಿಯದೆ ಉಳಿಯುತ್ತಿತ್ತಂತೆ. ನಾನು ಹುಡುಗನಾಗಿದ್ದಾಗ, ಅಂದರೆ 1990ರ ಸುಮಾರಿಗೆ, ನಮ್ಮ ಹಗೇವು ಬರಿದಾಗಿ, ರಾಗಿಯು ಮನೆಯೊಳಗಿನ ಮಣ್ಣಿನ ವಾಡೆಗೆ ಬಂದಿತ್ತು.

ಆ ಮನೆಯಲ್ಲಿ ತಾತನೂ, ದೊಡ್ಡಪ್ಪನೂ, ನನ್ನ ತಂದೆಯೂ, ಚಿಕ್ಕಪ್ಪನೂ, ಅವರ ಹೆಂಡಿರು ಮಕ್ಕಳೂ ಒಂದೇ ಒಲೆಯ ಅಡಿಗೆಯನ್ನು ಉಣ್ಣುತ್ತಿದ್ದೆವು. ಮಂಜು ಸುರಿಯುವ ಬೆಳಿಗ್ಗೆ ಸೊಗಡು ಅವರೆಕಾಯಿಯನ್ನು ಮಂಕರಿಯಲ್ಲಿ ತಂದು ಸುರಿದರೆ ಮಕ್ಕಳೆಲ್ಲರೂ ಸುತ್ತಲೂ ಕುಳಿತು ಸುಲಿಯುವೆವು. ರಾತ್ರಿ ಹಿದುಕಿದ ಬೇಳೆಯ ಸಾರು, ಬಿಸಿ ಮುದ್ದೆ. ಊಟವಾದ ಮೇಲೆ ತಾತನು ಲಾಂದ್ರದ ಬೆಳಕಿನಲ್ಲಿ ಸತ್ಯವೇದದಿಂದ ಒಂದು ಅಧ್ಯಾಯವನ್ನು ಓದಿ, ಮಳೆಗಾಗಿಯೂ ಎತ್ತುಗಳಿಗಾಗಿಯೂ ನಮಗಾಗಿಯೂ ಪ್ರಾರ್ಥಿಸುತ್ತಿದ್ದನು. ಅಜ್ಜಿಯು 1989ರಲ್ಲಿಯೂ ತಾತನು 1996ರಲ್ಲಿಯೂ ತೀರಿಕೊಂಡರು. 1998ರಲ್ಲಿ ವೈಟ್‌ಫೀಲ್ಡಿನ ಮಾಹಿತಿ ತಂತ್ರಜ್ಞಾನದ ಉದ್ಯಾನವು ಪ್ರಾರಂಭವಾದ ಮೇಲೆ ಸುತ್ತಲಿನ ಹೊಲಗಳಿಗೆ ಎಂದೂ ಕೇಳದಂಥ ಬೆಲೆ ಬಂದಿತು. 2001ರಲ್ಲಿ ನಮ್ಮ ಹೊಲವೂ ಮಾರಾಟವಾಯಿತು. ಈಗ ಅಲ್ಲಿ ಹತ್ತು ಅಂತಸ್ತಿನ ಮನೆಗಳಿವೆ. ಕಣವಿದ್ದ ಸ್ಥಳದಲ್ಲಿ ಕಾರುಗಳು ನಿಲ್ಲುತ್ತವೆ.

ಹೊಲ ಹೋದ ಮೇಲೆ ನಮ್ಮಲ್ಲಿ ಅದರ ನೆನಪು ಇನ್ನೂ ಸಿಹಿಯಾಯಿತು. ಹಬ್ಬದ ಮುಂಜಾನೆ ಗೋರಿಗಳ ಬಳಿ ಸೇರಿದರೆ ಹಲಸಿನ ಹಣ್ಣಿನ ಮಾತು, ಕಣದ ರಾತ್ರಿಯ ಮಾತು, ತಾತನ ಪ್ರಾರ್ಥನೆಯ ಮಾತು. ನಾನೇ ಎಲ್ಲರಿಗಿಂತ ಹೆಚ್ಚಾಗಿ ಹೇಳುತ್ತಿದ್ದವನು. ಉಪದೇಶಿಯಾದ ಕಾರಣ ಮಾತು ಕಲಿತಿದ್ದೆನಲ್ಲವೇ?

ನಾಲ್ಕು ವರ್ಷಗಳ ಹಿಂದೆ ಹೀಗೆಯೇ ಮಾತು ನಡೆದಿರುವಾಗ ದೊಡ್ಡಪ್ಪನ ಮೊಮ್ಮಗಳು, ಹತ್ತು ವರ್ಷದವಳು, ಗುಂಪಿನ ಅಂಚಿನಲ್ಲಿ ನಿಂತಿದ್ದ ನಮ್ಮ ಅತ್ತೆಯ ಕಡೆಗೆ ತೋರಿಸಿ ಕೇಳಿದಳು: “ತಾತನ ಹೊಲ ಮಾರಿದಾಗ ಈ ಅಜ್ಜಿಗೆ ಎಷ್ಟು ಬಂತು?”

ಯಾರೂ ಉತ್ತರ ಕೊಡಲಿಲ್ಲ. ಯಾರೋ ಬತ್ತಿ ಆರಿತೆಂದು ಬಾಗಿದರು, ಯಾರೋ ಹೊತ್ತಾಯಿತೆಂದರು. ಅತ್ತೆಯು ಸೆರಗನ್ನು ಸರಿಮಾಡಿಕೊಂಡು ಅಜ್ಜಿಯ ಗೋರಿಯ ಮೇಲಿನ ಹೂವನ್ನು ಸುಮ್ಮನೆ ಸರಿಪಡಿಸುತ್ತಿದ್ದಳು.

ವಾಚಕರೇ, ನಾನು ಮೇಲೆ ಆ ಮನೆಯವರನ್ನು ಎಣಿಸಿ ಹೇಳಿದಾಗ ಅತ್ತೆಯ ಹೆಸರನ್ನು ಎತ್ತಲಿಲ್ಲ. ನೀವು ಗಮನಿಸಿದ್ದರೂ ಗಮನಿಸಿರಬಹುದು. ಇಪ್ಪತ್ತು ವರ್ಷ ನಾನು ಆ ಮನೆಯನ್ನು ನೆನೆದದ್ದು ಆ ರೀತಿಯಲ್ಲಿಯೇ. ಆದಕಾರಣ ಅದನ್ನು ಹಾಗೆಯೇ ಬರೆದೆನು. ಆದರೆ ಆಕೆಯು ಅಲ್ಲಿ ಇದ್ದಳು. ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದವಳಾಗಿ ತವರಿಗೆ ಬಂದು, ಮೂವತ್ತು ವರ್ಷ ಆ ಹೊಲದಲ್ಲಿ ದುಡಿದವಳು ಆಕೆಯೇ. ಕಳೆ ಕಿತ್ತವಳು, ತೆನೆ ಕೊಯ್ದವಳು, ಹಸು ಕರೆದವಳು, ಅಜ್ಜಿ ಸತ್ತ ಮೇಲೆ ನಮಗೆಲ್ಲ ಎಣ್ಣೆಯೊತ್ತಿ ನೀರು ಹಾಕಿದವಳು ಆಕೆ. ಮಂಜಿನಲ್ಲಿ ಅವರೆಕಾಯಿಯ ಮಂಕರಿಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವಳೂ ಆಕೆ. ನಮ್ಮ ನೆನಪಿನಲ್ಲಿ ಮಂಕರಿಯು ತಾನಾಗಿಯೇ ಮನೆಗೆ ಬಂದಂತೆ ಆಗಿತ್ತು.

ಆ ಹೊಲವು ಮೊದಲು ನಮ್ಮದಾಗಿರಲಿಲ್ಲ. ತಾತನು ಅದನ್ನು ಗೇಣಿಗೆ ಮಾಡುತ್ತಿದ್ದನು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿಯಾಗಿ ಉಳುವವನೇ ಹೊಲದೊಡೆಯನೆಂದು ಗೊತ್ತಾಯಿತು. ತಾತನು ನಮೂನೆ 7ರಲ್ಲಿ ಅರ್ಜಿಯನ್ನು ಕೊಟ್ಟು, ಭೂ ನ್ಯಾಯಮಂಡಳಿಯಿಂದ ಹೊಲವನ್ನು ಪಡೆದನು. ಅದು ನಮ್ಮ ಮನೆಗೆ ದೊಡ್ಡ ಬಿಡುಗಡೆಯ ದಿನವಾಗಿತ್ತು. ಆದರೆ ಅರ್ಜಿಯಲ್ಲಿ ಇದ್ದದ್ದು ತಾತನ ಹೆಸರೊಂದೇ. ಉಳುವವನು ಒಡೆಯನಾದನು, ಕಳೆ ಕೀಳುವವಳು ಯಾವ ಕಾಗದದಲ್ಲಿಯೂ ಬರಲಿಲ್ಲ.

ತಾತನು ಉಯಿಲು ಬರೆಯದೆ ಸತ್ತನು. ಮಗಳ ವಿಷಯ ಯಾರಾದರೂ ಎತ್ತಿದರೆ, “ಅವಳಿಗೇನು, ತಮ್ಮಂದಿರು ನೋಡಿಕೊಳ್ಳುತ್ತಾರೆ” ಎನ್ನುತ್ತಿದ್ದನಂತೆ. 1925ರ ಭಾರತೀಯ ಉತ್ತರಾಧಿಕಾರದ ಕಾಯಿದೆಯ ಪ್ರಕಾರ, ಕ್ರೈಸ್ತನಾದ ತಂದೆಯು ಉಯಿಲಿಲ್ಲದೆ ಸತ್ತರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾದ ಪಾಲು. ಅಜ್ಜಿಯು ಮೊದಲೇ ತೀರಿಕೊಂಡಿದ್ದುದರಿಂದ ನಾಲ್ವರು ಮಕ್ಕಳಲ್ಲಿ ಅತ್ತೆಯ ಪಾಲು ನಾಲ್ಕರಲ್ಲಿ ಒಂದಾಗಿತ್ತು. ಮಾರಾಟದ ಕಾಲದಲ್ಲಿ ಆಕೆಯನ್ನು ಕರೆದುಕೊಂಡು ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರು. ಒಂದು ರೇಷ್ಮೆ ಸೀರೆಯನ್ನೂ ಸ್ವಲ್ಪ ಹಣವನ್ನೂ ಕೊಟ್ಟರು. ಉಳಿದದ್ದು ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಯಿತು. ಒಂದೇ ಒಲೆಯು ಮೂರಾಯಿತು. ಯಾವ ಒಲೆಯ ಬಳಿಯಲ್ಲಿಯೂ ಸ್ಥಳವಿಲ್ಲದೆ ಅತ್ತೆಯು ಪಕ್ಕದ ಊರಿನಲ್ಲಿ ಬಾಡಿಗೆಯ ಕೋಣೆಯನ್ನು ಹಿಡಿದು, ಮನೆಗಳಲ್ಲಿ ಪಾತ್ರೆ ತೊಳೆದು ಬದುಕಿದಳು. ನನ್ನ ತಂದೆಯ ಪಾಲಿನ ಹಣದಿಂದ ನಾನು ಸೆಮಿನರಿಯಲ್ಲಿ ಓದಿದೆನು. ಸುವಾರ್ತೆಯನ್ನು ಸಾರುವುದಕ್ಕೆ ನಾನು ಕಲಿತ ವಿದ್ಯೆಯಲ್ಲಿ ಅತ್ತೆಯ ನಾಲ್ಕನೆಯ ಒಂದು ಪಾಲು ಸೇರಿದೆ ಎಂಬುದು ಆ ಹುಡುಗಿಯ ಪ್ರಶ್ನೆಯ ವರೆಗೆ ನನಗೆ ಹೊಳೆದಿರಲಿಲ್ಲ.

ಹೀಗಿರುವಲ್ಲಿ ನೆನಪೆಂಬುದು ಯಾಕೆ ಇಷ್ಟು ಸುಲಭವಾಗಿ ಸಿಹಿಯಾಗುತ್ತದೆ ಎಂಬುದನ್ನು ನಾವು ವಿಚಾರಿಸೋಣ. ನನಗೆ ತೋರುವ ಕಾರಣವೇನೆಂದರೆ, ನಾವು ಹೊಲಮನೆಯನ್ನು ಮಗುವಿನ ಕಣ್ಣಿನಿಂದ ನೆನೆಯುತ್ತೇವೆ. ಮಗುವು ಉಣ್ಣುತ್ತದೆ, ಬೆಲೆಯನ್ನು ಕೊಡುವುದಿಲ್ಲ. ಮಗುವಿಗೆ ಕಣದ ರಾತ್ರಿಯೆಂದರೆ ನಕ್ಷತ್ರಗಳ ಕೆಳಗೆ ಹುಲ್ಲಿನ ಮೇಲೆ ಮಲಗುವುದು. ಎಚ್ಚರವಾಗಿದ್ದು ಕಾಯುವವರಿಗೆ ಅದೇ ರಾತ್ರಿಯು ಚಳಿಯೂ ಸಾಲದ ಚಿಂತೆಯೂ ಆಗಿರುತ್ತದೆ. ಎರಡೂ ಒಂದೇ ರಾತ್ರಿ. ಮಗುವಿನ ನೆನಪು ಸುಳ್ಳಲ್ಲ. ಆದರೆ ನಲವತ್ತು ವರ್ಷದವನಾದ ಮೇಲೂ ಮಗುವಿನ ನೆನಪಿನಲ್ಲಿಯೇ ನಿಲ್ಲುವವನು ತನ್ನ ಊಟದ ಬೆಲೆಯನ್ನು ಯಾರು ಕೊಟ್ಟರೆಂದು ಕೇಳದೆ ಎದ್ದುಹೋಗುವ ಅತಿಥಿಯಂತೆ ಇರುವನು.

ಈ ದೋಷವು ನಮ್ಮ ಮನೆಯೊಂದರದೇ ಅಲ್ಲ. ನಾನಿರುವ ಸೀಮೆಯ ಕಲ್ಲುಗಳೂ ಹೆಸರುಗಳೂ ಇದಕ್ಕೆ ಸಾಕ್ಷಿ ಹೇಳುತ್ತವೆ. ಕಾಡುಗೋಡಿಯಲ್ಲಿ ದೊರೆತ 1043ನೆಯ ಇಸವಿಯ, ರಾಜೇಂದ್ರ ಚೋಳನ ಕಾಲದ ಶಾಸನವು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬನ್ನು ಇಡಿಸಿದುದನ್ನು ತಿಳಿಸುತ್ತದೆ. ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೆರೆಯೆಂಬುದು ಮಂಕರಿ ಮಂಕರಿಯಾಗಿ ಮಣ್ಣನ್ನು ಹೊತ್ತವರಿಂದ ಆಗುವುದಲ್ಲವೇ? ಇಂಥ ಶಾಸನಗಳು ಕಟ್ಟಿಸಿದವರನ್ನು ನೆನೆಯುತ್ತವೆ. ಹೊತ್ತವರನ್ನು ನೆನೆಯುವುದು ಅಪರೂಪ.

ಹಾಗೆಯೇ ವೈಟ್‌ಫೀಲ್ಡೆಂಬ ಹೆಸರನ್ನು ನೋಡಿರಿ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಜನರು ಸರಕಾರಿ ಚಾಕರಿಯನ್ನೇ ನಂಬಿ ಕೂರದೆ ವ್ಯವಸಾಯ ಮಾಡಿ ಬದುಕಲಿ ಎಂಬುದು ಸಂಘವನ್ನು ಸ್ಥಾಪಿಸಿದ ಡಿ. ಎಸ್. ವೈಟ್ ಎಂಬವರ ಆಶೆಯಾಗಿತ್ತು. ಅವರ ಹೆಸರೇ ಊರಿನ ಹೆಸರಾಯಿತು. ಸುತ್ತು ರಸ್ತೆ, ಅದರ ಬದಿಯಲ್ಲಿ ತೋಟದ ಮನೆಗಳು, 1886ರಲ್ಲಿ ಕಟ್ಟಲ್ಪಟ್ಟ ಮೆಮೋರಿಯಲ್ ಚರ್ಚೆಂಬ ದೇವಾಲಯ. ಸ್ಮರಣೆಯೆಂಬುದು ಆ ದೇವಾಲಯದ ಹೆಸರಿನಲ್ಲಿಯೇ ಇದೆ. 1947ರ ತರುವಾಯ ಆ ಸಮಾಜದವರಲ್ಲಿ ಅನೇಕರು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟುಹೋದರು. ದೂರ ದೇಶದಲ್ಲಿ ನೆಲೆಸಿದವನು ತನ್ನ ಅಜ್ಜನ ತೋಟದ ಹಣ್ಣನ್ನು ನೆನೆದು ನಿಟ್ಟುಸಿರು ಬಿಡುವುದು ನಾವು ನಮ್ಮ ಹಲಸನ್ನು ನೆನೆಯುವಂತೆಯೇ ಸರಿ. ಅದರಲ್ಲಿ ನಗತಕ್ಕದ್ದೇನೂ ಇಲ್ಲ. ಆದರೆ ತೋಟದ ಮನೆಯೆಂದರೆ ಬಾವಿಯಿಂದ ನೀರು ಸೇದಿದವರೂ, ಪಾತಿ ಮಾಡಿದವರೂ, ಮಗುವನ್ನು ಎತ್ತಿ ಆಡಿಸಿದವರೂ ಇರಲೇಬೇಕು. ಸುತ್ತಲೂ ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಕಾಡುಗೋಡಿಗಳೆಂಬ ಊರುಗಳಿವೆ. ಈಗ 2023ರಿಂದ ಅಲ್ಲಿಗೆ ಮೆಟ್ರೋ ರೈಲು ಬರುತ್ತಿದೆ. ಇಳಿಯುವ ಸಾವಿರಾರು ಜನರಿಗೆ ಒಂದು ಹೆಸರು ಗೊತ್ತು, ಉಳಿದ ಹೆಸರುಗಳು ಗೊತ್ತಿಲ್ಲ. ನೆನಪಿಗೆ ಹೆಸರು ಬೇಕು. ಹೆಸರಿಲ್ಲದವರು ಬೇಗನೆ ನೆನಪಿನಿಂದ ಜಾರುವರು.

ಹುಡುಗಿಯ ಪ್ರಶ್ನೆಯಾದ ವಾರದಲ್ಲಿಯೇ ನಾನು ಅತ್ತೆಯ ಕೋಣೆಗೆ ಹೋದೆನು. ಆ ದಿನಗಳನ್ನು ನೀನೇ ಹೇಳತ್ತೆ ಎಂದು ಕೇಳಿಕೊಂಡೆನು. ಆಕೆಯು ಹಲಸಿನ ಹಣ್ಣನ್ನು ಹೇಳಲಿಲ್ಲ. ಹೊಲದ ಮೂಲೆಯ ಕಲ್ಲುಗಳನ್ನು ಒಂದೊಂದಾಗಿ ಆಯ್ದು ಬದುವಿಗೆ ಹಾಕಿದ್ದನ್ನು ಹೇಳಿದಳು. ಮಳೆ ಕೈಕೊಟ್ಟ ಒಂದು ವರ್ಷ ತನ್ನ ಓಲೆಗಳನ್ನು ಬಿತ್ತನೆಯ ಬೀಜಕ್ಕಾಗಿ ಒತ್ತೆ ಇಟ್ಟದ್ದನ್ನೂ ಅವು ತಿರುಗಿ ಬಾರದೆ ಹೋದದ್ದನ್ನೂ ಹೇಳಿದಳು. ಆ ಓಲೆಗಳ ಸಂಗತಿ ನನಗೆ ತಿಳಿದಿರಲಿಲ್ಲ. ಕಡೆಯಲ್ಲಿ ನಾನು ಹಣದ ಮಾತನ್ನು ಎತ್ತಿದೆನು. ಆಕೆಯು ಬೇಡವೆನ್ನುವಳೆಂದೂ, ನಾನು ಬಲವಂತ ಮಾಡಬೇಕಾಗುವುದೆಂದೂ ಒಳಗೊಳಗೆ ಎಣಿಸಿದ್ದೆನು. ಇಂಥ ಕಥೆಗಳಲ್ಲಿ ಮುದುಕಿಯರು ಬೇಡವೆನ್ನುವುದು ವಾಡಿಕೆಯಷ್ಟೆ. ಆಕೆಯು ಹೇಳಿದ್ದು ಇದು: “ದುಡ್ಡು ಬ್ಯಾಡ ಅನ್ನೋಕಾಗುತ್ತಾ ಕಣಪ್ಪಾ? ತಿಂಗಳಾದ್ರೆ ಬಾಡಿಗೆ ಕಟ್ಟಬೇಕು. ಆದ್ರೆ ಮೊದ್ಲು, ಆ ಹೊಲದಾಗೆ ನಾನೂ ಇದ್ದೆ ಅಂತ ಎಲ್ಲರ ಮುಂದೆ ಹೇಳ್ರಪ್ಪಾ.”

ಆಕೆ ಕೇಳಿದ್ದು ಎರಡು: ತನ್ನ ಹೆಸರು ಮತ್ತು ತನ್ನ ಪಾಲು. ಇವೆರಡನ್ನೂ ಒಟ್ಟಿಗೆ ಕೇಳಿದವರು ಸತ್ಯವೇದದಲ್ಲಿಯೂ ಇದ್ದಾರೆ. ಅರಣ್ಯಕಾಂಡದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆಯೂ ಎಲ್ಲಾ ಸಮೂಹದ ಮುಂದೆಯೂ ನಿಂತು, ಗಂಡುಮಕ್ಕಳಿಲ್ಲದೆ ಸತ್ತ ತಮ್ಮ ತಂದೆಯ ಹೆಸರು ಕುಲದಿಂದ ಅಳಿಯದಂತೆ ತಮಗೆ ಭೂಮಿಯಲ್ಲಿ ಪಾಲು ಬೇಕೆಂದು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ತೀರ್ಪಾಯಿತು. ಆ ಐವರ ಹೆಸರುಗಳೂ ಅಲ್ಲಿ ಬರೆಯಲ್ಪಟ್ಟಿವೆ. ತಂದೆಯ ಸ್ಮರಣೆಯೂ ಮಗಳ ಪಾಲೂ ಒಂದಕ್ಕೊಂದು ವಿರೋಧವಲ್ಲ, ಒಂದರಿಂದಲೇ ಇನ್ನೊಂದು ನಿಲ್ಲುವುದೆಂದು ಆ ಸಂಗತಿಯು ಕಲಿಸುತ್ತದೆ.

ಇದಕ್ಕೆ ಕೆಲವು ಆಕ್ಷೇಪಣೆಗಳನ್ನು ನಾನು ನಮ್ಮ ಮನೆಯಲ್ಲಿಯೇ ಕೇಳಿದೆನು. ಅವು ಬರೀ ಲೋಭದ ಮಾತುಗಳಲ್ಲವಾದುದರಿಂದ ಉತ್ತರ ಹೇಳಬೇಕು.

ಮೊದಲನೆಯದು: ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯಿರುವಾಗ ಸತ್ತ ತಾತನ ತಪ್ಪನ್ನು ಎತ್ತಿ ಆಡುವುದು ಸರಿಯೇ? ನಾನು ತಾತನನ್ನು ಈಗಲೂ ಪ್ರೀತಿಸುತ್ತೇನೆ. ಆತನಿಂದಲೇ ಪ್ರಾರ್ಥನೆಯನ್ನು ಕಲಿತೆನು. ಆದರೆ ಸನ್ಮಾನವೆಂಬುದು ಸುಳ್ಳು ಹೇಳುವುದಲ್ಲ. ಯಾಕೋಬನು ಅಣ್ಣನನ್ನು ವಂಚಿಸಿದುದನ್ನೂ ದಾವೀದನು ಊರೀಯನನ್ನು ಕೊಲ್ಲಿಸಿದುದನ್ನೂ ಸತ್ಯವೇದವು ಮುಚ್ಚಲಿಲ್ಲ. ಆದರೂ ಅವರನ್ನು ಪಿತೃಗಳೆಂದು ಕರೆಯುವುದನ್ನು ಬಿಡಲಿಲ್ಲ. ತಾತನ ತಪ್ಪು ಏನೆಂದರೆ, ಬರೆದಿಡಬೇಕಾದುದನ್ನು ಗಂಡುಮಕ್ಕಳ ಒಳ್ಳೆಯತನಕ್ಕೆ ಒಪ್ಪಿಸಿ ಸುಮ್ಮನಾದದ್ದು. ಆತನು ನಂಬಿದಂತೆ ನಾವು ನಡೆದಿದ್ದರೆ ಅದು ತಪ್ಪಾಗಿ ಕಾಣುತ್ತಿರಲಿಲ್ಲ. ಹಾಗಾದರೆ ಆತನನ್ನು ಸನ್ಮಾನಿಸುವ ದಾರಿ ಯಾವುದು? ಆತನನ್ನು ಹೊಗಳಿ ಮಗಳನ್ನು ಬಾಡಿಗೆಯ ಕೋಣೆಯಲ್ಲಿ ಬಿಡುವುದೋ, ಆತನ ನಂಬಿಕೆಯನ್ನು ಈಗಲಾದರೂ ನಿಜಮಾಡುವುದೋ? ಸತ್ತವರು ತಮ್ಮ ಕೆಲಸವನ್ನು ತಾವೇ ಮುಗಿಸಲಾರರು. ಅವರ ಪರವಾಗಿ ಮುಗಿಸುವವರೇ ಅವರ ಮಕ್ಕಳು.

ಎರಡನೆಯದು: ಅತ್ತೆಯೇ ಹೆಬ್ಬೆಟ್ಟು ಒತ್ತಿದ್ದಾಳಲ್ಲ, ಕಾನೂನಿನಂತೆ ಎಲ್ಲವೂ ಮುಗಿಯಿತಲ್ಲ? ನಿಜ. ನಾನು ವಕೀಲನಲ್ಲ, ಆ ಪತ್ರವನ್ನು ಮುರಿಯಬೇಕೆಂದೂ ಹೇಳುವುದಿಲ್ಲ. ಆದರೆ ಹೋಗುವುದಕ್ಕೆ ಬೇರೆ ಮನೆಯಿಲ್ಲದವಳು ಉಣ್ಣುವ ಮನೆಯವರ ಮುಂದೆ ಬೇಡವೆನ್ನುವುದು ಹೇಗೆ? ದೇಶದ ಕಾನೂನು ಈ ವಿಷಯದಲ್ಲಿ ನಮ್ಮ ಮನಸ್ಸಾಕ್ಷಿಗಿಂತ ಮುಂದೆ ನಡೆದಿದೆ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ 1925ರ ಕಾಯಿದೆಯೇ ಅನ್ವಯಿಸುವುದೆಂದು ಮೇರಿ ರಾಯ್ ಅವರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪು ಕೊಟ್ಟಿತು. ನಮ್ಮ ಹಿಂದೂ ನೆರೆಯವರ ಹೆಣ್ಣುಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹಕ್ಕುಂಟೆಂದು 2005ರಲ್ಲಿ ದೇಶಕ್ಕೆಲ್ಲ ಕಾಯಿದೆಯಾಯಿತು. ಕಾನೂನು ಪಾಲನ್ನು ಕೊಡಬಲ್ಲದು. ಕೊಟ್ಟ ಪಾಲನ್ನು ಒಂದು ಸೀರೆಗೆ ಬಿಡಿಸಿಕೊಳ್ಳದಂತೆ ತಡೆಯುವುದು ಮನಸ್ಸಾಕ್ಷಿಯ ಕೆಲಸ.

ಮೂರನೆಯದು: ಆಗಿನ ಕಾಲದ ಪದ್ಧತಿಯೇ ಹಾಗಿತ್ತು, ಈಗ ಕೆದಕಿದರೆ ಕುಟುಂಬದ ಸಮಾಧಾನ ಕೆಡುತ್ತದೆ. ಪದ್ಧತಿಯೆಂಬುದು ತಪ್ಪು ಮಾಡಿದವನ ಹೊರೆಯನ್ನು ಹಗುರ ಮಾಡಬಹುದು. ತಪ್ಪನ್ನು ಸಹಿಸಿದವಳ ಬಾಡಿಗೆಯನ್ನು ಕಟ್ಟುವುದಿಲ್ಲ. ಸಮಾಧಾನದ ವಿಷಯವಾಗಿ ಹೇಳಬೇಕಾದದ್ದು ಇಷ್ಟೇ: ನಮ್ಮಲ್ಲಿ ಇದ್ದದ್ದು ಮೂರು ಮನೆಗಳ ಸಮಾಧಾನ, ನಾಲ್ಕನೆಯ ಕೋಣೆಯ ಮೌನ. ಒಬ್ಬರು ಬಾಯಿಮುಚ್ಚಿಕೊಂಡಿದ್ದರಿಂದ ಉಳಿದವರಿಗೆ ದೊರೆತ ನೆಮ್ಮದಿಯನ್ನು ಸಮಾಧಾನವೆಂದು ಕರೆಯಲು ನನಗೆ ಧೈರ್ಯ ಸಾಲದು.

ಈ ಲೇಖನವನ್ನು ಓದುವ ಕೆಲವರು, “ನಮಗೆ ಹೊಲವೇ ಇರಲಿಲ್ಲ, ಹಂಚುವುದೇನು?” ಎನ್ನಬಹುದು. ನಮ್ಮ ಸಭೆಗಳಲ್ಲಿ ಅಂಥವರು ಬಹುಮಂದಿ ಇದ್ದಾರೆ. ಅವರ ಹಿರಿಯರು ಇನ್ನೊಬ್ಬರ ಹೊಲದಲ್ಲಿ ದುಡಿದವರು, ಜೀತಕ್ಕಿದ್ದವರೂ ಉಂಟು. ಜೀತವನ್ನು ರದ್ದುಮಾಡುವ ಕಾಯಿದೆಯು ಬಂದದ್ದು 1976ರಲ್ಲಿ, ಅಂದರೆ ಈಗ ಬದುಕಿರುವ ಮುದುಕರ ಕಣ್ಣ ಮುಂದೆಯೇ. ಅಂಥವರಿಗೆ ನನ್ನ ಬಿನ್ನಹವೇನೆಂದರೆ, ಆ ನೆನಪನ್ನು ನಾಚಿಕೆಯೆಂದು ಮುಚ್ಚಬೇಡಿರಿ. ಒಡೆಯರ ಮನೆಯವರು ತಮ್ಮ ಸುಗ್ಗಿಯನ್ನು ಹೊಗಳಿಕೊಳ್ಳುವಾಗ, ಆ ಸುಗ್ಗಿಯನ್ನು ಹೊತ್ತ ಹೆಗಲು ನಮ್ಮ ತಾತನದೆಂದು ನಿಮ್ಮ ಮಕ್ಕಳು ಹೇಳಬಲ್ಲವರಾಗಿರಲಿ. ನಮ್ಮ ನಾಲ್ಕು ಎಕರೆಯ ಕೊಯ್ಲಿಗೂ ಹೊರಗಿನಿಂದ ಆಳುಗಳು ಬರುತ್ತಿದ್ದರು. ಅವರ ಹೆಸರುಗಳನ್ನು ನನ್ನ ತಂದೆಯನ್ನು ಕೇಳಿದೆನು. ಇಬ್ಬರ ಹೆಸರು ಮಾತ್ರ ಆತನಿಗೆ ನೆನಪಿತ್ತು. ಅತ್ತೆಯನ್ನು ಕೇಳಿದರೆ ಒಂಬತ್ತು ಮಂದಿಯ ಹೆಸರುಗಳನ್ನು, ಅವರ ಮಕ್ಕಳ ಹೆಸರುಗಳೊಡನೆ ಹೇಳಿದಳು. ಜೊತೆಯಲ್ಲಿ ದುಡಿದವಳಿಗೆ ಹೆಸರು ಮರೆಯದು.

ಇನ್ನೊಂದು ಬಗೆಯವರನ್ನೂ ನಾವು ನೆನಪಿನಿಂದ ಬಿಟ್ಟಿದ್ದೇವೆ. ಅವರು ನಮ್ಮೊಡನೆ ಸಭೆಗೆ ಸೇರದೆ ಉಳಿದ ಸಂಬಂಧಿಕರು. ನನ್ನ ಮುತ್ತಾತನು ದೀಕ್ಷಾಸ್ನಾನ ಹೊಂದಿದಾಗ ಆತನ ಅಣ್ಣನು ಹೊಂದಲಿಲ್ಲ. ಅಣ್ಣತಮ್ಮಂದಿರು ಬೇರೆಯಾದರು. ಆದರೂ ಬಿತ್ತನೆಯ ಕಾಲದಲ್ಲಿ ಅಣ್ಣನು ತನ್ನ ಎತ್ತುಗಳನ್ನು ಮುಯ್ಯಿಗೆ ಕಳುಹಿಸುತ್ತಿದ್ದನೆಂದು ಅತ್ತೆಯು ತನ್ನ ಅಜ್ಜಿಯಿಂದ ಕೇಳಿದ್ದಳು. ನಮ್ಮ ಮನೆಯ ಕಥೆಯಲ್ಲಿ ಆ ಅಣ್ಣನು ಎಲ್ಲಿಯೂ ಇಲ್ಲ. ಆತನ ಮಕ್ಕಳ ಮಕ್ಕಳು ಮಹಾಲಯದ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುತ್ತಾರೆ, ನಾವು ಇಡುವುದಿಲ್ಲ. ಆ ಭೇದವು ಇರಲಿ. ಆದರೆ ಉಪಕಾರವನ್ನು ನೆನೆಯುವುದಕ್ಕೆ ಎಡೆ ಬೇಕಾಗಿಲ್ಲ, ಮಾತು ಸಾಕು. ಯಾರ ಎತ್ತುಗಳು ನಮ್ಮ ಹೊಲವನ್ನು ಉತ್ತವೋ ಅವರ ಹೆಸರನ್ನು ಹೇಳಲು ಹಿಂಜರಿಯುವ ನಂಬಿಕೆಯು ಬಲವಾದ ನಂಬಿಕೆಯಲ್ಲ.

ಈ ವಿಚಾರದಿಂದ ನಮ್ಮ ಮನೆಯಲ್ಲಿ ಏನಾಯಿತೆಂದು ಕೇಳುವಿರಿ. ಎಲ್ಲವೂ ಸರಿಹೋಯಿತೆಂದು ಬರೆಯುವುದಕ್ಕೆ ನನಗೂ ಆಶೆಯಿದೆ, ಆದರೆ ಆಗಲಿಲ್ಲ. ಮರುವರ್ಷದ ಹಬ್ಬದ ಮುಂಜಾನೆ ನನ್ನ ತಂದೆಯು ತಾತನ ಗೋರಿಯ ಬಳಿ ಎಲ್ಲರ ಮುಂದೆ ನಿಂತು, “ಈ ಹೊಲದಲ್ಲಿ ನಮ್ಮಕ್ಕ ನಮಗಿಂತ ಹೆಚ್ಚು ದುಡಿದಳು, ನಾವು ಆಕೆಗೆ ಅನ್ಯಾಯ ಮಾಡಿದೆವು” ಎಂದು ಹೇಳಿದನು. ಎಪ್ಪತ್ತು ವರ್ಷದ ನನ್ನ ತಂದೆಗೆ ಆ ಎರಡು ಮಾತುಗಳು ಸುಲಭವಾಗಿರಲಿಲ್ಲ. ತರುವಾಯ, ತಾನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಎರಡು ಚಿಕ್ಕ ಮನೆಗಳಲ್ಲಿ ಒಂದನ್ನು ದಾನಪತ್ರದ ಮೂಲಕ ಅತ್ತೆಯ ಹೆಸರಿಗೆ ನೋಂದಾಯಿಸಿದನು. ಅದನ್ನು ದಾನವೆಂದು ಕರೆಯುವುದಕ್ಕೆ ಆತನಿಗೆ ಮನಸ್ಸಿರಲಿಲ್ಲ. ಪತ್ರಕ್ಕೆ ಬೇರೆ ಹೆಸರಿರಲಿಲ್ಲ. ಚಿಕ್ಕಪ್ಪನು ತಿಂಗಳು ತಿಂಗಳು ಸ್ವಲ್ಪ ಹಣ ಕೊಡುತ್ತಾನೆ. ನಾನು ಓ‌ದಿದ ವರ್ಷಗಳ ಫೀಸಿನ ಲೆಕ್ಕವನ್ನು ಬರೆದಿಟ್ಟು, ನನ್ನ ಸಂಬಳದಿಂದ ಅದರ ನಾಲ್ಕನೆಯ ಒಂದು ಭಾಗವನ್ನು ತೀರಿಸುತ್ತಿದ್ದೇನೆ. ಇನ್ನೂ ಮೂರು ವರ್ಷ ಹಿಡಿಯಬಹುದು. ದೊಡ್ಡಪ್ಪನು ತೀರಿಕೊಂಡಿದ್ದಾನೆ, ಆತನ ಗಂಡುಮಕ್ಕಳು ಒಪ್ಪಲಿಲ್ಲ, ಎರಡು ಹಬ್ಬಗಳಿಂದ ನಮ್ಮೊಡನೆ ಸ್ಮಶಾನಕ್ಕೂ ಬಂದಿಲ್ಲ. ಪ್ರಶ್ನೆ ಕೇಳಿದ ಹುಡುಗಿಯು ಅವರ ಮನೆಯವಳೇ. ಆಕೆಯನ್ನು ಕಾಣದೆ ನನಗೆ ವ್ಯಥೆಯಾಗಿದೆ. ಸತ್ಯಕ್ಕೆ ಇಷ್ಟು ಬೆಲೆಯಿದೆಯೆಂದು ಮೊದಲೇ ತಿಳಿದಿದ್ದರೆ ಹಿಂಜರಿಯುತ್ತಿದ್ದೆನೋ ಏನೋ, ಹೇಳಲಾರೆನು. ಆದರೆ ಅತ್ತೆಯು ಈಗ ಬಾಡಿಗೆ ಕಟ್ಟುವುದಿಲ್ಲ.

ಆದಕಾರಣ, ಪ್ರಿಯ ವಾಚಕರೇ, ಮುಂದಿನ ಹಬ್ಬಕ್ಕೆ ನೀವು ಗೋರಿಗಳಿಗೆ ಸುಣ್ಣ ಬಳಿಯುವುದಕ್ಕೆ ಹೋಗುವಾಗ ಒಂದು ಕೆಲಸ ಮಾಡಿರಿ. ನಿಮ್ಮ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಬದುಕಿದ್ದರೆ, ಅತ್ತೆಯಾಗಲಿ, ಚಿಕ್ಕಮ್ಮನಾಗಲಿ, ಗಂಡ ಸತ್ತು ತವರಿಗೆ ಬಂದವಳಾಗಲಿ, ಆಕೆಯ ಬಳಿ ಕುಳಿತು ಆ ಹೊಲವನ್ನು ಆಕೆಯ ಬಾಯಿಂದ ಕೇಳಿರಿ. ಆಕೆ ಹೇಳುವ ಹೆಸರುಗಳನ್ನು ಸತ್ಯವೇದದ ಮೊದಲನೆಯ ಹಾಳೆಯಲ್ಲಿ, ಹುಟ್ಟು ಸಾವುಗಳನ್ನು ಬರೆಯುವಲ್ಲಿಯೇ ಬರೆಯಿರಿ. ಆಸ್ತಿಯಿದ್ದವರು ಮಗಳ ಹೆಸರನ್ನು ಬದುಕಿರುವಾಗಲೇ ಕಾಗದದಲ್ಲಿ ಬರೆದಿಡಿರಿ; ಗಂಡುಮಕ್ಕಳ ಒಳ್ಳೆಯತನವನ್ನು ನಂಬಿರಿ, ಆದರೆ ಬರೆದೂ ಇಡಿರಿ. ಕೇಳಿದ ಮೇಲೆ ಬಾಕಿಯೇನಾದರೂ ಕಂಡುಬಂದರೆ ತೀರಿಸಿರಿ. ಪೂರ್ತಿಯಾಗಿ ತೀರಿಸಲಾರದವರು ಬಾಕಿಯಿದೆಯೆಂದಾದರೂ ಒಪ್ಪಿಕೊಳ್ಳಿರಿ.

ಹಲಸಿನ ಹಣ್ಣನ್ನು ನೆನೆಯುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನಾವೂ ಬಿಟ್ಟಿಲ್ಲ. ಹೋದ ಹಬ್ಬದ ದಿನ ಸ್ಮಶಾನದಿಂದ ಹಿಂತಿರುಗಿ ಅತ್ತೆಯ ಮನೆಯಲ್ಲಿಯೇ ಎಲ್ಲರೂ ಉಂಡೆವು. ಆ ಮರಗಳ ಮಾತು ಬಂದಾಗ ಅತ್ತೆಯು ನಕ್ಕು, ಎರಡನ್ನೂ ನೆಟ್ಟವಳು ತನ್ನ ತಾಯಿಯೆಂದೂ, ಮೊದಲ ಬೇಸಿಗೆಗಳಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದವಳು ತಾನೆಂದೂ ಹೇಳಿದಳು. ಆ ಹಣ್ಣನ್ನು ಅಷ್ಟು ವರ್ಷ ತಿಂದ ನಮಗೆ ಅದು ಆ ದಿನದ ವರೆಗೆ ಗೊತ್ತಿರಲಿಲ್ಲ.